ಆ ಒಂದು ಬೈಗುಳ, ಅದರಡಿ ಹೂತುಹೋದ ಎಚ್ಚರಿಕೆ: ಬ್ರೆಜಿಲ್‌ನ ಮರಿಲೇನಾ ಶಾವುಯಿ

2013ರ ಮೇ ತಿಂಗಳು. ಸಾವೊ ಪಾಲೊ ನಗರದ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ಪುಸ್ತಕ ಬಿಡುಗಡೆ. ಬ್ರೆಜಿಲ್‌ನಲ್ಲಿ ವರ್ಕರ್ಸ್ ಪಾರ್ಟಿ ಅಧಿಕಾರಕ್ಕೆ ಬಂದು ಹತ್ತು ವರ್ಷವಾಗಿತ್ತು, ಪುಸ್ತಕ ಆ ಹತ್ತು ವರ್ಷಗಳ ಬಗ್ಗೆ. ವೇದಿಕೆ ಮೇಲೆ ಮಾಜಿ ಅಧ್ಯಕ್ಷ ಲೂಲಾ ಕೂತಿದ್ದರು. ಮೈಕ್ ಹಿಡಿದವರು 71 ವರ್ಷದ ತತ್ವಶಾಸ್ತ್ರದ ಪ್ರೊಫೆಸರ್ ಮರಿಲೇನಾ ಶಾವುಯಿ. ಮಾತಿನ ನಡುವೆ ಅವರು ಹೇಳಿಬಿಟ್ಟರು: ನನಗೆ ಮಧ್ಯಮವರ್ಗ ಕಂಡರೆ ದ್ವೇಷ. ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಮವರ್ಗ ರಾಜಕೀಯವಾಗಿ ಅಸಹ್ಯ, ಯಾಕಂದ್ರೆ ಅದು ಫ್ಯಾಸಿಸ್ಟ್. ನೈತಿಕವಾಗಿ ಅಸಹ್ಯ, ಯಾಕಂದ್ರೆ ಅದು ಹಿಂಸೆಯದ್ದು. ಬುದ್ಧಿಯ ಲೆಕ್ಕದಲ್ಲೂ ಅಸಹ್ಯ, ಯಾಕಂದ್ರೆ ಅದು ಅಜ್ಞಾನಿ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು.

ಆ ವಿಡಿಯೊ ತುಣುಕು ಇನ್ನೂ ಓಡಾಡುತ್ತಿದೆ. "ಎಡಪಂಥದವರಿಗೆ ನಿಮ್ಮನ್ನು ಕಂಡರೆ ಆಗಲ್ಲ, ಬೇಕಾದರೆ ಅವರ ಬಾಯಿಂದಲೇ ಕೇಳಿ" ಅಂತ ತೋರಿಸಲು ಬಲಪಂಥದವರಿಗೆ ಇದಕ್ಕಿಂತ ಸುಲಭದ ಸಾಕ್ಷಿ ಸಿಗಲಿಲ್ಲ. ದಶಕಗಟ್ಟಲೆ ಪಾಠ ಹೇಳಿದ, ಸಾವಿರಾರು ಪುಟ ಬರೆದ, ಒಂದು ಮಹಾನಗರದ ಸಂಸ್ಕೃತಿ ಇಲಾಖೆ ನಡೆಸಿದ ವಿದ್ವಾಂಸೆ ಕೊನೆಗೆ ಅರೆನಿಮಿಷದ ತುಣುಕಾಗಿ ಉಳಿದರು. ಇದರಲ್ಲಿ ಅವರ ತಪ್ಪೂ ಇದೆ ಅನ್ನೋದು ನನ್ನ ಅಭಿಪ್ರಾಯ. ಆದರೆ ಅದೇ ಪುಸ್ತಕಕ್ಕೆ ಅವರು ಬರೆದುಕೊಟ್ಟ ಲೇಖನದಲ್ಲಿ ಬೇರೆ ಒಂದು ಮಾತಿತ್ತು. ಅದನ್ನು ಯಾರೂ ಹಂಚಿಕೊಳ್ಳಲಿಲ್ಲ. 2018ರಲ್ಲಿ ಕಡು ಬಲಪಂಥದ ಬೋಲ್ಸೊನಾರೊ ಅಧ್ಯಕ್ಷರಾಗಿ ಗೆದ್ದದ್ದು ಹೇಗೆ, ಅಧಿಕಾರಕ್ಕೆ ಮರಳಿದ ಲೂಲಾಗೆ 2026ರ ಅಕ್ಟೋಬರ್ ಚುನಾವಣೆ ಯಾಕೆ ಸಲೀಸಲ್ಲ ಅಂತ ತಿಳಿಯಬೇಕಾದರೆ ಓದಬೇಕಾದದ್ದು ಆ ಮಾತನ್ನು.

ಮೊದಲು ಇವರು ಯಾರು ಅಂತ ನೋಡೋಣ.

ಶಾವುಯಿ ಹುಟ್ಟಿದ್ದು 1941ರಲ್ಲಿ. ಅಪ್ಪ ಪತ್ರಕರ್ತ, ಅರಬ್ ಮೂಲದ ಮನೆತನ. ಅಮ್ಮ ಶಾಲಾ ಶಿಕ್ಷಕಿ. ತತ್ವಶಾಸ್ತ್ರ ಓದಿದ್ದು ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ. 1934ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ಮೊದಮೊದಲು ಫ್ರಾನ್ಸಿನಿಂದ ಮೇಷ್ಟ್ರುಗಳನ್ನು ಕರೆಸಿದ್ದರು. ಮುಂದೆ ಮಾನವಶಾಸ್ತ್ರಜ್ಞರಾಗಿ ಹೆಸರಾದ, ಆಗಿನ್ನೂ ಎಳೆಯ ವಯಸ್ಸಿನ ಲೆವಿ-ಸ್ಟ್ರಾಸ್ ಕೂಡ ಬಂದು ಪಾಠ ಮಾಡಿದ್ದರು. ಆ ಫ್ರೆಂಚ್ ಶಿಸ್ತು ತತ್ವಶಾಸ್ತ್ರ ವಿಭಾಗದಲ್ಲಿ ಗಟ್ಟಿಯಾಗಿ ಬೇರೂರಿತು. ಪಠ್ಯವನ್ನು ಸಾಲು ಸಾಲಾಗಿ ಓದಬೇಕು, ಅದರ ಒಳಗಿನ ಕಟ್ಟಡ ಹಿಡಿಯಬೇಕು, ನಿಮ್ಮ ಅಭಿಪ್ರಾಯ ಆಮೇಲೆ. ಶಾವುಯಿ ಬರಹದಲ್ಲಿ ಇವತ್ತಿಗೂ ಆ ಗುಣ ಕಾಣುತ್ತದೆ. ಪಕ್ಷದ ಸಭೆಗೆ ಬರೆದ ಭಾಷಣದಲ್ಲೂ ಮೊದಲು ಪದಗಳ ಅರ್ಥ ಬಿಡಿಸಿ, ಆಮೇಲೆಯೇ ಜಗಳಕ್ಕೆ ನಿಲ್ಲುತ್ತಾರೆ.

ಆ ವಿಭಾಗ ಇದ್ದದ್ದು ನಗರದ ನಡುವಿನ ಮರಿಯಾ ಆಂಟೋನಿಯಾ ರಸ್ತೆಯಲ್ಲಿ. ಎದುರಿಗೇ ಮೆಕೆಂಜಿ ಎಂಬ ಖಾಸಗಿ ವಿಶ್ವವಿದ್ಯಾಲಯ. 1964ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತ್ತು. 1968ರ ಅಕ್ಟೋಬರ್‌ನಲ್ಲಿ ಈ ಎರಡು ಕಟ್ಟಡಗಳ ನಡುವೆ ಕಲ್ಲು, ಬೆಂಕಿ, ಗುಂಡು ಎಲ್ಲ ಹಾರಾಡಿದವು. ಒಬ್ಬ ಹುಡುಗ ಸತ್ತ. ತತ್ವಶಾಸ್ತ್ರದ ಕಟ್ಟಡ ಸುಟ್ಟಿತು, ವಿಭಾಗವನ್ನು ಊರಾಚೆಯ ಕ್ಯಾಂಪಸ್ಸಿಗೆ ಸಾಗಹಾಕಿದರು. ಅದೇ ಡಿಸೆಂಬರ್ 13ಕ್ಕೆ ಐದನೇ ಸಾಂಸ್ಥಿಕ ಶಾಸನ ಬಂತು. ಸಂಸತ್ತಿಗೆ ಬೀಗ, ಪತ್ರಿಕೆಗಳಿಗೆ ಸೆನ್ಸಾರ್. 1969ರಲ್ಲಿ ಪ್ರಾಧ್ಯಾಪಕರ ಒಂದು ದೊಡ್ಡ ಪಟ್ಟಿಯನ್ನೇ ಕಡ್ಡಾಯ ನಿವೃತ್ತಿ ಮಾಡಿ ಮನೆಗೆ ಕಳಿಸಿದರು. ಫ್ರಾನ್ಸಿನಲ್ಲಿ ಓದುತ್ತಿದ್ದ ಶಾವುಯಿ ವಾಪಸ್ ಬಂದದ್ದು ಇಂಥ ವಿಭಾಗಕ್ಕೆ. ಹಿರಿಯರು ಇಲ್ಲ. ತರಗತಿಯಲ್ಲಿ ಕೂತವರಲ್ಲಿ ಪೊಲೀಸರ ಕಡೆಯವರು ಯಾರು ಅಂತಲೂ ಗೊತ್ತಾಗದ ಕಾಲ.

ಆ ಪಟ್ಟಿಯಲ್ಲಿ ಮನೆಗೆ ಹೋದವರಲ್ಲಿ ಸಮಾಜಶಾಸ್ತ್ರಜ್ಞ ಫೆರ್ನಾಂಡೊ ಹೆನ್ರಿಕ್ ಕಾರ್ಡೋಸೊ ಕೂಡ ಇದ್ದರು. ಮುಂದೆ ಎರಡು ಸಲ ಬ್ರೆಜಿಲ್ ಅಧ್ಯಕ್ಷರಾದವರು. ಒಂದೇ ಕಟ್ಟಡದಲ್ಲಿ ಮಾರ್ಕ್ಸ್ ಓದಿ ಚರ್ಚಿಸಿದ ತಲೆಮಾರುಗಳು ಆಮೇಲೆ ಎರಡಾಗಿ ಒಡೆದವು. ಕಾರ್ಡೋಸೊ ಕಡೆಯವರು ಮಧ್ಯಪಂಥದ ಪಕ್ಷ ಕಟ್ಟಿದರು. ಶಾವುಯಿ 1980ರಲ್ಲಿ ಲೂಲಾ ಜೊತೆ ವರ್ಕರ್ಸ್ ಪಾರ್ಟಿಯ ಸ್ಥಾಪಕರಲ್ಲಿ ಒಬ್ಬರಾದರು. 1994ರಿಂದ 2014ರವರೆಗಿನ ಆರೂ ಅಧ್ಯಕ್ಷೀಯ ಚುನಾವಣೆಗಳಲ್ಲಿ ಮೊದಲೆರಡು ಸ್ಥಾನ ಈ ಎರಡು ಪಕ್ಷಗಳದ್ದೇ. ಹಳೇ ಸಹಪಾಠಿಗಳ ಜಗಳ ದೇಶದ ರಾಜಕೀಯವೇ ಆಗಿಹೋಯಿತು ಅಂದರೆ ಸ್ವಲ್ಪ ಜಾಸ್ತಿ ಆಗಬಹುದು, ಆದರೆ ಪೂರ್ತಿ ಸುಳ್ಳೂ ಅಲ್ಲ.

ಸರ್ವಾಧಿಕಾರದ ನಡುವೆ ಶಾವುಯಿ ಸಂಶೋಧನೆಗೆ ಆರಿಸಿಕೊಂಡದ್ದು ಹದಿನೇಳನೇ ಶತಮಾನದ ತತ್ವಜ್ಞಾನಿ ಸ್ಪಿನೋಜಾನನ್ನು. ಮಾರ್ಕ್ಸ್ ಓದಿದರೆ ಜೈಲು ಅನ್ನುವ ಕಾಲದಲ್ಲಿ ಇದು ತಪ್ಪಿಸಿಕೊಳ್ಳುವ ದಾರಿಯಂತೆ ಕಾಣಬಹುದು. ಆದರೆ ಸ್ಪಿನೋಜಾ ಕೇಳಿದ ಪ್ರಶ್ನೆ ಸಣ್ಣದಲ್ಲ: ಜನ ತಮ್ಮ ಗುಲಾಮಗಿರಿಗಾಗಿಯೇ, ಅದೇ ತಮ್ಮ ಉದ್ಧಾರವೇನೋ ಎಂಬಂತೆ, ಯಾಕೆ ಹೋರಾಡುತ್ತಾರೆ? ಭಯ ಮತ್ತು ಆಸೆ ಎರಡನ್ನೂ ಹಿಡಿದುಕೊಂಡು ಧರ್ಮಗುರುವೂ ದೊರೆಯೂ ಹೇಗೆ ಆಳುತ್ತಾರೆ? ಸೇನಾ ಆಡಳಿತದ ಬ್ರೆಜಿಲ್‌ನಲ್ಲಿ ಕೂತು ಇದನ್ನು ಓದುವವರಿಗೆ ಇದು ಮುನ್ನೂರು ವರ್ಷ ಹಳೆಯದು ಅನ್ನಿಸುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಸ್ಪಿನೋಜಾನ ಮನೆಯವರು ಪೋರ್ಚುಗಲ್‌ನಿಂದ ಓಡಿಬಂದ ಯಹೂದಿಗಳು. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮ್ ಸಮುದಾಯ ಅವನನ್ನು ಬಹಿಷ್ಕರಿಸಿದ ಆಜ್ಞೆ ದಾಖಲಾಗಿರುವುದು ಪೋರ್ಚುಗೀಸ್ ಭಾಷೆಯಲ್ಲಿ. ಆಗ ಆ ಸಮುದಾಯದ ರಬ್ಬಿಗಳಲ್ಲಿ, ಅಂದರೆ ಧರ್ಮಗುರುಗಳಲ್ಲಿ, ಒಬ್ಬರು ಇಸಾಕ್ ಅಬೋಬ್. ಅವರು ಅದಕ್ಕೆ ಮುಂಚೆ ಡಚ್ಚರ ಕೈಯಲ್ಲಿದ್ದ ಬ್ರೆಜಿಲ್‌ನ ರೆಸಿಫೆಯಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಕಾಲ ರಬ್ಬಿಯಾಗಿದ್ದವರು. ಅಂದರೆ ಸ್ಪಿನೋಜಾನನ್ನು ಹೊರಹಾಕಿದ ಭಾಷೆ ಬ್ರೆಜಿಲಿಯನ್ನರ ಮನೆಮಾತು. ಶಾವುಯಿ ಈ ಲೋಕವನ್ನು ಬಿಡಿಸಿಟ್ಟದ್ದು 'ವಾಸ್ತವದ ನರ' (A Nervura do Real) ಎಂಬ ಹೆಸರಿನ ಬೃಹತ್ ಗ್ರಂಥದಲ್ಲಿ. ಮೊದಲ ಸಂಪುಟ 1999ರಲ್ಲಿ ಬಂತು. ಎರಡನೆಯದು ಬಂದದ್ದು 2016ರಲ್ಲಿ. ಓದಿ ಮುಗಿಸಿದವರು ಎಷ್ಟು ಮಂದಿಯೋ, ಅದು ಬೇರೆ ಮಾತು.

ಸಾಮಾನ್ಯ ಓದುಗರ ಕೈಗೆ ಸಿಕ್ಕಿದ್ದು ಬೇರೆ ಪುಸ್ತಕಗಳು. 1980ರಲ್ಲಿ ಬಂದ, ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ 'ಐಡಿಯಾಲಜಿ ಎಂದರೇನು' ಒಂದು. 1994ರಲ್ಲಿ ಬಂದ, ಪ್ರೌಢಶಾಲೆ ಮುಗಿಸುವ ಮಕ್ಕಳಿಗೆ ತತ್ವಶಾಸ್ತ್ರ ಪರಿಚಯಿಸುವ ದಪ್ಪ ಪಠ್ಯಪುಸ್ತಕ ಇನ್ನೊಂದು. ಒಂದಿಡೀ ತಲೆಮಾರು ಪ್ಲೇಟೊ ಹೆಸರು ಕೇಳಿದ್ದೇ ಆ ಪಠ್ಯದಿಂದ.

ಅವರ ರಾಜಕೀಯ ಚಿಂತನೆಯ ತಿರುಳು ಮೂರು ಪದಗಳಲ್ಲಿದೆ: ಕೊರತೆ, ಸವಲತ್ತು, ಹಕ್ಕು. ನಮ್ಮ ಬೀದಿಗೆ ನೀರು ಬರುತ್ತಿಲ್ಲ ಅನ್ನೋದು ಕೊರತೆ. ಅದು ಆ ಬೀದಿಯದ್ದು ಮಾತ್ರ. ನಮ್ಮ ಕಾರಿಗೆ ಮಾತ್ರ ಇಲ್ಲಿ ಪಾರ್ಕಿಂಗ್ ಅನ್ನೋದು ಸವಲತ್ತು. ಅದೂ ಕೆಲವರದ್ದು ಮಾತ್ರ, ಎಲ್ಲರಿಗೂ ಕೊಟ್ಟರೆ ಅದು ಸವಲತ್ತಾಗಿ ಉಳಿಯಲ್ಲ. ಹಕ್ಕು ಇವೆರಡರಿಂದಲೂ ಬೇರೆ. ಅದು ಎಲ್ಲರಿಗೂ ಸಿಗಬೇಕು, ಇಲ್ಲವೇ ಒಂದು ಗುಂಪಿನ ವಿಶೇಷ ಹಕ್ಕೆಂದು ಎಲ್ಲರೂ ಒಪ್ಪಬೇಕು. ಚುನಾವಣೆ ನಡೆದ ಮಾತ್ರಕ್ಕೆ ಪ್ರಜಾಪ್ರಭುತ್ವ ಬಂತು ಅನ್ನಲಾಗದು. ಜನ ಜಗಳ ಮಾಡಿ ಹೊಸ ಹಕ್ಕುಗಳನ್ನು ಹುಟ್ಟಿಸುತ್ತಾ ಹೋದರೆ ಮಾತ್ರ ಅದು ಪ್ರಜಾಪ್ರಭುತ್ವ. ಬ್ರೆಜಿಲ್‌ನಲ್ಲಿ ಒಂದು ಕಡೆ ಕೊರತೆ, ಇನ್ನೊಂದು ಕಡೆ ಸವಲತ್ತು ಎರಡೂ ಗಟ್ಟಿಯಾಗಿ ಕೂತಿವೆ, ನಡುವೆ ಹಕ್ಕಿಗೆ ಜಾಗವೇ ಇಲ್ಲ ಅನ್ನೋದು ಅವರ ವಾದ. ಹಾಗಾಗಿ ಸೇನೆ ಬ್ಯಾರಕ್ಕಿಗೆ ಮರಳಿದ ಮೇಲೂ ಸಮಾಜದ ಸರ್ವಾಧಿಕಾರ ಹಾಗೇ ಉಳಿಯಿತು ಅಂತಾರೆ ಅವರು. ಮನೆಯಲ್ಲಿ, ಕಚೇರಿಯಲ್ಲಿ, ಲಿಫ್ಟಿನಲ್ಲಿ.

ಲಿಫ್ಟ್ ಅಂದದ್ದು ಸುಮ್ನೆ ಅಲ್ಲ. ಬ್ರೆಜಿಲ್‌ನ ಅಪಾರ್ಟ್‌ಮೆಂಟುಗಳಲ್ಲಿ ಎರಡು ಲಿಫ್ಟ್ ಇರುವುದು ಹಳೇ ಪದ್ಧತಿ. ಒಂದು ಮನೆಯವರಿಗೆ, ಇನ್ನೊಂದು 'ಸರ್ವಿಸ್' ಲಿಫ್ಟ್. ಸರ್ವಿಸ್ ಅಂದರೆ ಸಾಮಾನು, ಕಸ, ಮನೆಗೆಲಸದವಳು. ಅಡುಗೆಮನೆ ಹಿಂದೆ ಅವಳಿಗೊಂದು ಕಿಷ್ಕಿಂಧೆ ಕೋಣೆ. 1996ರಲ್ಲಿ ಸಾವೊ ಪಾಲೊ ನಗರ ಕಾನೂನು ಮಾಡಬೇಕಾಯಿತು: ಬಣ್ಣ, ಲಿಂಗ, ಅಂತಸ್ತು ನೋಡಿ ಯಾರನ್ನೂ ಲಿಫ್ಟಿನಿಂದ ತಡೆಯುವಂತಿಲ್ಲ. ಇವತ್ತಿಗೂ ಆ ನಗರದ ಲಿಫ್ಟುಗಳ ಪಕ್ಕ ಈ ಕಾನೂನಿನ ಫಲಕ ಇರುತ್ತದೆ. ಓದುವವರು ಕಡಿಮೆ. ಆದರೆ ಅಂಥದ್ದೊಂದು ಫಲಕ ಬೇಕಾಯಿತು ಅನ್ನೋದೇ ಸಾಕಲ್ವಾ?

ಶಾವುಯಿ ಸುಮ್ಮನೆ ಬರೆದು ಕೂತವರಲ್ಲ. 1988ರ ನವೆಂಬರ್‌ನಲ್ಲಿ ಸಾವೊ ಪಾಲೊಗೆ ಮೊದಲ ಬಾರಿ ಒಬ್ಬ ಮಹಿಳೆ ಮೇಯರ್ ಆಗಿ ಆಯ್ಕೆಯಾದರು. ಲೂಯಿಜಾ ಎರುಂಡಿನಾ. ಬಡ ಈಶಾನ್ಯದಿಂದ ವಲಸೆ ಬಂದ ಸಮಾಜ ಕಾರ್ಯಕರ್ತೆ, ವರ್ಕರ್ಸ್ ಪಾರ್ಟಿಯವರು. ಅವರ ತಂಡ ನೋಡಿದರೆ ಈಗಲೂ ಬೆರಗು. ಶಿಕ್ಷಣ ಖಾತೆಗೆ ಜಗತ್ತಿಗೇ ಗೊತ್ತಿದ್ದ ಶಿಕ್ಷಣ ಚಿಂತಕ ಪಾಲೊ ಫ್ರೇರೆ. ಸಂಸ್ಕೃತಿಗೆ ಶಾವುಯಿ. ಇದೇ ಸರ್ಕಾರದ ಸಾರಿಗೆ ಕಾರ್ಯದರ್ಶಿ ಲೂಸಿಯೊ ಗ್ರೆಗೋರಿ ನಗರದ ಬಸ್ಸುಗಳಲ್ಲಿ ಟಿಕೆಟ್ಟೇ ಬೇಡ ಅನ್ನುವ ಯೋಜನೆ ತಂದರು. ಸಿರಿವಂತರ ಆಸ್ತಿ ತೆರಿಗೆ ಏರಿಸಿ ಅದರಿಂದ ಬಸ್ ಓಡಿಸೋಣ ಅನ್ನೋ ಲೆಕ್ಕ. ನಗರಸಭೆಯಲ್ಲಿ ಎರುಂಡಿನಾಗೆ ಬಹುಮತ ಇರಲಿಲ್ಲ. ಯೋಜನೆ ಮುಂದೆ ಹೋಗಲಿಲ್ಲ.

1989ರಿಂದ 1992ರವರೆಗೆ ನಾಲ್ಕು ವರ್ಷ ಶಾವುಯಿ ಆ ಖಾತೆ ನಡೆಸಿದರು. ಸರ್ಕಾರ ಸಂಸ್ಕೃತಿಯನ್ನು ನೋಡುವ ಹಳೇ ರೀತಿಗಳನ್ನೆಲ್ಲ ಅವರು ಒಂದೊಂದಾಗಿ ತಳ್ಳಿಹಾಕಿದರು. ಸಂಸ್ಕೃತಿ ಅಂದರೆ ಸಿರಿವಂತರ ಒಪೆರಾ ಅನ್ನುವವರು ಒಂದು ಕಡೆ. ಸರ್ಕಾರವೇ ಕಲೆ ತಯಾರಿಸಿ ಹಂಚಬೇಕು ಅನ್ನುವವರು ಇನ್ನೊಂದು ಕಡೆ. ಜಾನಪದವನ್ನು ಹೊಗಳಿ ಓಟು ಗಿಟ್ಟಿಸುವವರು ಮತ್ತೊಂದು ಕಡೆ. ದೊಡ್ಡ ಇವೆಂಟು ಮಾಡಿ ಪ್ರಾಯೋಜಕರನ್ನು ಹುಡುಕಿದರೆ ಸಾಕು ಅನ್ನುವವರು ಕೊನೆಗೆ. ಇವ್ಯಾವೂ ಅಲ್ಲ, ಸಂಸ್ಕೃತಿ ನಾಗರಿಕರ ಹಕ್ಕು ಅಂದರು ಶಾವುಯಿ. ನೋಡುವ ಹಕ್ಕು ಮಾತ್ರ ಅಲ್ಲ, ಮಾಡುವ ಹಕ್ಕು. ಹಣ ಎಲ್ಲಿಗೆ ಹೋಗಬೇಕು ಅನ್ನೋ ತೀರ್ಮಾನದಲ್ಲಿ ಕೂರುವ ಹಕ್ಕು. ನಗರದ ಅಂಚಿನ ಬಡಾವಣೆಗಳಲ್ಲಿ 'ಕಾಸಾ ಡಿ ಕುಲ್ತುರಾ' ಎಂಬ ಸಂಸ್ಕೃತಿ ಮನೆಗಳು ಬಂದವು. ಹಳೇ ಕಟ್ಟಡಗಳ ರಕ್ಷಣೆಯನ್ನು 'ನೆನಪಿನ ಹಕ್ಕು' ಅಂತ ಕರೆದು, ಯಾರ ನೆನಪು, ಯಾರ ಕಟ್ಟಡ ಅಂತ ಪ್ರಶ್ನೆ ಎತ್ತಿದರು. ಬರೀ ಜಮೀನ್ದಾರರ ಬಂಗಲೆ ಉಳಿಸಿದರೆ ನಗರಕ್ಕೆ ಜಮೀನ್ದಾರರ ನೆನಪು ಮಾತ್ರ ಇರುತ್ತದೆ ತಾನೇ?

ಎಲ್ಲ ಚೆನ್ನಾಗಿ ನಡೆಯಿತು ಅಂತಲ್ಲ. ಪತ್ರಿಕೆಗಳು ಬೆನ್ನು ಬಿಡಲಿಲ್ಲ. ಕಡತ, ಟೆಂಡರು, ಬಜೆಟ್ಟಿನ ಜಂಜಾಟದಲ್ಲಿ ಸಿದ್ಧಾಂತಕ್ಕೆ ಉಸಿರು ಕಟ್ಟಿತು ಅನ್ನೋದು ಅವರೇ ಆಮೇಲೆ ಬರೆದ ಅನುಭವಗಳಲ್ಲೂ ಕಾಣುತ್ತದೆ. 1992ರ ಚುನಾವಣೆಯಲ್ಲಿ ಬಲಪಂಥದ ಪಾಲೊ ಮಲೂಫ್ ಗೆದ್ದು ಈ ಪ್ರಯೋಗಕ್ಕೆ ತೆರೆ ಎಳೆದರು. ಸಂಸ್ಕೃತಿ ಮನೆಗಳು ಮಾತ್ರ ಉಳಿದವು. ನನಗೆ ಅವರ ಬದುಕಿನ ಅತ್ಯಂತ ಗಟ್ಟಿ ಅಧ್ಯಾಯ ಇದೇ. ಕೊರತೆ, ಸವಲತ್ತು, ಹಕ್ಕು ಅನ್ನೋ ಮೂರು ಪದಗಳನ್ನು ಬಜೆಟ್ ಪುಸ್ತಕದ ಮೇಲೆ ಇಟ್ಟು ನೋಡುವ ಅವಕಾಶ ಎಷ್ಟು ತತ್ವಜ್ಞಾನಿಗಳಿಗೆ ಸಿಗುತ್ತದೆ?

ಲೂಲಾ 2003ರಲ್ಲಿ ಅಧ್ಯಕ್ಷರಾದ ಮೇಲಿನ ಶಾವುಯಿ ಬಗ್ಗೆ ನನಗೆ ಅಷ್ಟು ಸಮಾಧಾನ ಇಲ್ಲ. 2005ರಲ್ಲಿ ಸಂಸದರ ಬೆಂಬಲ ಕೊಂಡುಕೊಂಡ ಆರೋಪದ ದೊಡ್ಡ ಹಗರಣ ಹೊರಬಂತು. ಪಕ್ಷದ ಶುದ್ಧತೆಯ ಬಗ್ಗೆ ಅಷ್ಟು ಮಾತಾಡಿದ್ದ ಬುದ್ಧಿಜೀವಿಗಳು ಎಲ್ಲಿ ಹೋದರು ಅಂತ ಎಲ್ಲರೂ ಕೇಳಿದರು. ಶಾವುಯಿ ಪತ್ರಿಕೆಗಳ ಜೊತೆ ಮಾತಾಡಲು ಒಪ್ಪದೆ, ತಮ್ಮ ವಿದ್ಯಾರ್ಥಿಗಳಿಗೆ ಒಂದು ಪತ್ರ ಬರೆದು ಮೌನಕ್ಕೆ ಕಾರಣ ಕೊಟ್ಟರು. ಮಾಧ್ಯಮ ಮೊದಲೇ ತೀರ್ಪು ಕೊಟ್ಟಾಗಿದೆ, ಅದರ ಮುಂದೆ ಮಾತಿಗೆ ಅರ್ಥವಿಲ್ಲ ಅನ್ನೋ ಧಾಟಿ. ಮಾಧ್ಯಮದ ಬಗ್ಗೆ ಅವರು ಹೇಳಿದ್ದರಲ್ಲಿ ಸತ್ಯ ಇರಬಹುದು. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್ ಪಕ್ಷದ ದೊಡ್ಡ ನಾಯಕರನ್ನೇ ತಪ್ಪಿತಸ್ಥರೆಂದಿತು. ಅಧಿಕಾರ ಜನರನ್ನು ಹೇಗೆ ಕೆಡಿಸುತ್ತದೆ ಅಂತ ಮೂವತ್ತು ವರ್ಷ ಪಾಠ ಹೇಳಿದವರಿಂದ ತಮ್ಮ ಪಕ್ಷದ ಬಗ್ಗೆ ಇನ್ನೂ ಸ್ವಲ್ಪ ಗಟ್ಟಿ ಮಾತು ಕೇಳುವ ಆಸೆ ತಪ್ಪಲ್ಲ.

ಈಗ 2013ರ ಆ ಸಭೆಗೆ ಬರೋಣ. ಆ ಸಿಟ್ಟು ಎಲ್ಲಿಂದ ಬಂತು?

ಆ ವರ್ಷಗಳಲ್ಲಿ ಬ್ರೆಜಿಲ್‌ನಲ್ಲಿ 'ಹೊಸ ಮಧ್ಯಮವರ್ಗ' ಅನ್ನೋ ಮಾತು ಎಲ್ಲೆಲ್ಲೂ ಇತ್ತು. ಕನಿಷ್ಠ ಕೂಲಿ ಏರಿತ್ತು, ಬೋಲ್ಸಾ ಫಮಿಲಿಯಾ ಎಂಬ ಸರ್ಕಾರಿ ನೆರವಿನ ಹಣ ಬಡ ಮನೆಗಳಿಗೆ ತಲುಪುತ್ತಿತ್ತು, ಸಾಲ ಸುಲಭವಾಗಿತ್ತು. ಕೋಟಿಗಟ್ಟಲೆ ಜನ ಮೊದಲ ಸಲ ಫ್ರಿಜ್, ಕಾರು ಕೊಂಡರು, ವಿಮಾನ ಹತ್ತಿದರು. ಆದಾಯದ ಪಟ್ಟಿ ನೋಡಿ ಅರ್ಥಶಾಸ್ತ್ರಜ್ಞರು ಇವರನ್ನು ಮಧ್ಯಮವರ್ಗ ಅಂದರು. ಸರ್ಕಾರಕ್ಕೂ ಆ ಮಾತು ಹಿತವಾಗಿತ್ತು. ಇನ್ನೊಂದು ಕಡೆ ಹಳೇ ಮಧ್ಯಮವರ್ಗ ಗೊಣಗುತ್ತಿತ್ತು. ವಿಮಾನ ನಿಲ್ದಾಣ ಬಸ್ ಸ್ಟ್ಯಾಂಡ್ ಆಗಿಹೋಯಿತು ಅನ್ನೋದು ಆಗಿನ ಜನಪ್ರಿಯ ದೂರು. 2012ರ ಆಗಸ್ಟ್‌ನಲ್ಲಿ ಕೇಂದ್ರದ ವಿಶ್ವವಿದ್ಯಾಲಯಗಳ ಅರ್ಧದಷ್ಟು ಸೀಟು ಸರ್ಕಾರಿ ಶಾಲೆಯ ಮಕ್ಕಳಿಗೆ, ಅದರೊಳಗೆ ಕಪ್ಪು ಮತ್ತು ಮೂಲನಿವಾಸಿ ಮಕ್ಕಳಿಗೆ ಮೀಸಲು ಅನ್ನೋ ಕಾನೂನು ಬಂದಿತ್ತು. 2013ರ ಏಪ್ರಿಲ್‌ನಲ್ಲಿ, ಅಂದರೆ ಆ ಭಾಷಣಕ್ಕೆ ಸುಮಾರು ತಿಂಗಳ ಮುಂಚೆ, ಸಂವಿಧಾನ ತಿದ್ದಿ ಮನೆಗೆಲಸದವರಿಗೆ ವಾರಕ್ಕೆ 44 ಗಂಟೆಯ ಮಿತಿ, ಓವರ್‌ಟೈಮ್ ಕೊಟ್ಟರು. ಉಳಿದ ಕಾರ್ಮಿಕರಿಗೆ ಎಂದೋ ಸಿಕ್ಕಿದ್ದು ಇವರಿಗೆ ಸಿಕ್ಕಿದ್ದು ಆಗ. ಇನ್ನು ಮನೆಗೆಲಸಕ್ಕೆ ಜನ ಇಟ್ಟುಕೊಳ್ಳುವುದೇ ಆಗಲ್ಲ ಅಂತ ಪತ್ರಿಕೆಗಳ ತುಂಬ ಗೋಳು. ಸರ್ವಿಸ್ ಲಿಫ್ಟಿನಲ್ಲಿ ಹೋಗಬೇಕಿದ್ದವಳು ಗಡಿಯಾರ ನೋಡಿ ಏಳು ಗಂಟೆಯಾಯಿತು ಅನ್ನತೊಡಗಿದ್ದಳು.

ಶಾವುಯಿ ವಾದ ಇಷ್ಟು: ಈ ಹೊಸಬರು ಮಧ್ಯಮವರ್ಗ ಅಲ್ಲವೇ ಅಲ್ಲ. ಫ್ರಿಜ್ ಕೊಂಡ ಮಾತ್ರಕ್ಕೆ ವರ್ಗ ಬದಲಾಗದು. ಯಾರು ಏನು ಕೊಳ್ಳುತ್ತಾರೆ ಅನ್ನೋದರಿಂದ ವರ್ಗ ಗೊತ್ತಾಗಲ್ಲ, ದುಡಿಮೆಯಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅನ್ನೋದರಿಂದ ಗೊತ್ತಾಗುತ್ತದೆ. ಇವರು ಹೊಸ ಕಾರ್ಮಿಕ ವರ್ಗ. ಕಾಲ್ ಸೆಂಟರ್, ಅಂಗಡಿ, ಡೆಲಿವರಿ, ಸೆಕ್ಯೂರಿಟಿ ಕೆಲಸದವರು. ಯೂನಿಯನ್ ಇಲ್ಲ, ಖಾಯಂ ಇಲ್ಲ. ನಿಜವಾದ ಮಧ್ಯಮವರ್ಗ ಬಂಡವಾಳದ ಒಡೆಯನೂ ಅಲ್ಲ, ಕಾರ್ಮಿಕನೂ ಅಲ್ಲ. ಅದಕ್ಕೊಂದು ಕನಸು, ಒಂದು ದುಃಸ್ವಪ್ನ: ಆಳುವ ವರ್ಗ ಸೇರುವುದು ಕನಸು, ಕಾರ್ಮಿಕನಾಗಿ ಬೀಳುವುದು ದುಃಸ್ವಪ್ನ. ಹಾಗಾಗಿ ಅದಕ್ಕೆ ಶಿಸ್ತು, ಪೊಲೀಸು, ಭದ್ರತೆ ಅಂದರೆ ಪ್ರೀತಿ.

ಒಪ್ಪಬಹುದು, ಬಿಡಬಹುದು. ವಾದ ಅಂತೂ ಇದೆ. 'ದ್ವೇಷಿಸುತ್ತೇನೆ' ಅಂದ ಗಳಿಗೆಯಲ್ಲಿ ಅದು ಹೋಯಿತು. ಕಾರಣ ಅವರ ಗುರುವೇ ಹೇಳಿದ್ದಾನೆ. ಮನುಷ್ಯರು ಮಾಡುವುದನ್ನು ಕಂಡು ನಗದೆ, ಅಳದೆ, ಹೇಸದೆ, ಅರ್ಥ ಮಾಡಿಕೊಳ್ಳಲು ನೋಡಿದೆ ಅನ್ನೋದು ಸ್ಪಿನೋಜಾನ ಪ್ರಸಿದ್ಧ ಸಾಲು. ದ್ವೇಷ ಎಂದೂ ಒಳ್ಳೆಯದಾಗಲಾರದು ಅಂತಲೂ ಅವನೇ ಬರೆದಿದ್ದಾನೆ. ಆ ಸಾಲುಗಳನ್ನು ಬ್ರೆಜಿಲ್‌ನಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ವಿರಳ. ಮೇಲಾಗಿ, ಸರ್ಕಾರಿ ವಿಶ್ವವಿದ್ಯಾಲಯದ ಪ್ರೊಫೆಸರ್ ಯಾವ ವರ್ಗ? ಆ ಸಭೆಯಲ್ಲಿ ನಕ್ಕವರು ಯಾವ ವರ್ಗ? ತಮಗೆ ಬೈದದ್ದಕ್ಕೆ ತಾವೇ ಚಪ್ಪಾಳೆ ತಟ್ಟುವುದು ಆರಾಮ, ಯಾಕಂದ್ರೆ ಪ್ರತಿಯೊಬ್ಬನಿಗೂ ಇದು ಪಕ್ಕದ ಮನೆಯವನಿಗೆ ಹೇಳಿದ್ದು ಅನ್ನಿಸುತ್ತದೆ.

ಹಂಚಿಕೆಯಾಗದೆ ಉಳಿದ ಮಾತು ಇದು. ಈ ಹೊಸ ಕಾರ್ಮಿಕರು ಒಂಟಿಯಾಗಿದ್ದಾರೆ, ಚದುರಿಹೋಗಿದ್ದಾರೆ, ಸಂಘಟನೆಯ ಅನುಭವ ಇಲ್ಲ ಅಂತ ಆ ಲೇಖನದಲ್ಲಿ ಬರೆದ ಶಾವುಯಿ ಎರಡು ಅಪಾಯ ಹೆಸರಿಸಿದರು. ಒಂದು, ನಂಬಿದರೆ ದೇವರು ಐಶ್ವರ್ಯ ಕೊಡುತ್ತಾನೆ ಅನ್ನುವ ಹೊಸ ಪೆಂಟಕೋಸ್ಟಲ್ ಚರ್ಚುಗಳ ಬೋಧನೆ. ಇನ್ನೊಂದು, ನೀನೇ ನಿನ್ನ ಕಂಪನಿ ಅನ್ನುವ ಉದ್ಯಮಿತನದ ಮಂತ್ರ. ಇವೆರಡೂ ಸೇರಿ ಈ ಜನರಿಗೆ ಹಳೇ ಮಧ್ಯಮವರ್ಗದ ಮನಸ್ಸನ್ನೇ ತೊಡಿಸಬಹುದು ಅಂತ ಎಚ್ಚರಿಸಿದರು. ಆಮೇಲೆ ಏನಾಯಿತು ನೋಡಿ.

ಮುಂದಿನ ತಿಂಗಳೇ ಬೀದಿ ಹೊತ್ತಿಕೊಂಡಿತು. ಸಾವೊ ಪಾಲೊದಲ್ಲಿ ಬಸ್ ದರ 3 ರಿಯಾಲ್‌ನಿಂದ 3.20ಕ್ಕೆ ಏರಿದ್ದಕ್ಕೆ ಶುರುವಾದ ಪ್ರತಿಭಟನೆ ಇಡೀ ದೇಶಕ್ಕೆ ಹಬ್ಬಿತು. ಅದನ್ನು ಶುರುಮಾಡಿದ ಹುಡುಗರು ಕೇಳುತ್ತಿದ್ದದ್ದು ಟಿಕೆಟ್ ಇಲ್ಲದ ಬಸ್ಸು, ಅಂದರೆ ಎರುಂಡಿನಾ ಕಾಲದ ಅದೇ ಯೋಜನೆ. ನಗರಸಭೆಯಲ್ಲಿದ್ದದ್ದು ವರ್ಕರ್ಸ್ ಪಾರ್ಟಿಯದ್ದೇ ಮೇಯರ್! ಕಾರುಗಳಿಂದ, ಬಿಲ್ಡರುಗಳಿಂದ ನಗರ ನರಕವಾಗಿದೆ, ಸಿಟ್ಟು ನ್ಯಾಯವಾದದ್ದು ಅಂತ ಶಾವುಯಿ ಬರೆದರು. ಆದರೆ ಪಕ್ಷವೇ ಬೇಡ, ಬಾವುಟವೇ ಬೇಡ, ಫೇಸ್‌ಬುಕ್ ಗುಂಡಿ ಒತ್ತಿದರೆ ಬದಲಾವಣೆ ಅನ್ನೋದು ಮಾಂತ್ರಿಕ ಯೋಚನೆ, ಇದನ್ನು ಬಲಪಂಥ ಸುಲಭವಾಗಿ ಹೊತ್ತೊಯ್ಯುತ್ತದೆ ಅಂದರು. ಈ ಮಾತು ನಿಜವಾಯಿತು. ಆಗಸ್ಟ್‌ನಲ್ಲಿ ರಿಯೊದ ಮಿಲಿಟರಿ ಪೊಲೀಸ್ ಅಕಾಡೆಮಿಯಲ್ಲಿ ಮಾತಾಡುತ್ತಾ, ಮುಖವಾಡ ಹಾಕಿ ಗಾಜು ಒಡೆಯುವ ಬ್ಲ್ಯಾಕ್ ಬ್ಲಾಕ್ ಗುಂಪಿಗೆ ಫ್ಯಾಸಿಸ್ಟ್ ಪ್ರೇರಣೆ ಇದೆ ಅಂದರು. ಎಡಪಂಥದ ಯುವಕರೇ ಅವರ ಮೇಲೆ ತಿರುಗಿಬಿದ್ದರು. ಬೀದಿಯಲ್ಲಿ ಹುಡುಗರಿಗೆ ಲಾಠಿ ಬೀಸುತ್ತಿದ್ದ ಪೊಲೀಸರ ಮುಂದೆ ಹೋಗಿ ಇದನ್ನು ಹೇಳಬೇಕಿತ್ತಾ ಅನ್ನೋದು ಅವರ ಪ್ರಶ್ನೆ. ನನಗೂ ಆ ಪ್ರಶ್ನೆ ಸರಿ ಅನ್ನಿಸುತ್ತದೆ.

2016ರಲ್ಲಿ, ಲೂಲಾ ನಂತರ ಅದೇ ಪಕ್ಷದಿಂದ ಅಧ್ಯಕ್ಷರಾಗಿದ್ದ ಡಿಲ್ಮಾ ರೂಸೆಫ್ ಪದಚ್ಯುತರಾದರು. 2018ರಲ್ಲಿ ಬೋಲ್ಸೊನಾರೊ 55% ಮತ ಪಡೆದು ಗೆದ್ದರು. ನೋಡಿ, ಮಧ್ಯಮವರ್ಗ ಫ್ಯಾಸಿಸ್ಟ್ ಅಂತ ಶಾವುಯಿ ಹೇಳಿರಲಿಲ್ಲವಾ ಅಂದರು ಅವರ ಅಭಿಮಾನಿಗಳು. ಲೆಕ್ಕ ಅಷ್ಟು ಸಲೀಸಲ್ಲ. ಹಳೇ ಮಧ್ಯಮವರ್ಗದ ಮತ ಮಾತ್ರ ಎಣಿಸಿದರೆ 55% ಆಗಲ್ಲ. ನಗರದ ಅಂಚಿನ ಬಡಾವಣೆಗಳಲ್ಲಿ ಇವಾಂಜೆಲಿಕಲ್ ಚರ್ಚುಗಳಿಗೆ (ಆ ಪೆಂಟಕೋಸ್ಟಲ್‌ಗಳೂ ಸೇರಿದ ಪ್ರಾಟೆಸ್ಟೆಂಟ್ ಚರ್ಚುಗಳು) ಹೋಗುವ ಮನೆಗಳಿಂದ, ಲೂಲಾ ಕಾಲದಲ್ಲಿ ಮೊದಲ ಫ್ರಿಜ್ ಕೊಂಡ ಮನೆಗಳಿಂದಲೂ ಮತ ಬಂತು. ಅಂದರೆ ಬೈಗುಳ ತಪ್ಪು ವಿಳಾಸಕ್ಕೆ ಹೋಯಿತು, ಎಚ್ಚರಿಕೆ ಸರಿಯಾದ ವಿಳಾಸದಲ್ಲಿತ್ತು. 2022ರ ಜನಗಣತಿ ಪ್ರಕಾರ ಇವಾಂಜೆಲಿಕಲ್‌ಗಳ ಪಾಲು 26.9%ಕ್ಕೆ ಮುಟ್ಟಿದೆ.

ಬೋಲ್ಸೊನಾರೊ ಸರ್ಕಾರ ತತ್ವಶಾಸ್ತ್ರವನ್ನೂ ಬಿಡಲಿಲ್ಲ. 2019ರ ಏಪ್ರಿಲ್‌ನಲ್ಲಿ ಅಧ್ಯಕ್ಷರೇ ಟ್ವೀಟ್ ಮಾಡಿ, ತತ್ವಶಾಸ್ತ್ರ ಮತ್ತು ಸಮಾಜಶಾಸ್ತ್ರ ವಿಭಾಗಗಳ ಹಣ ಕಡಿಮೆ ಮಾಡಿ ಪಶುವೈದ್ಯ, ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಕೊಡುವ ಯೋಚನೆ ಹೇಳಿದರು. ಶಾಲೆಯಲ್ಲಿ ಈ ವಿಷಯದ ಕತೆ ಇನ್ನೂ ಹಳೆಯದು. 1969ರಲ್ಲಿ ನೀತಿ-ನಾಗರಿಕ ಪಾಠ ಕಡ್ಡಾಯ ಮಾಡಿದ್ದ ಸೇನಾ ಸರ್ಕಾರ 1971ರಲ್ಲಿ ತತ್ವಶಾಸ್ತ್ರವನ್ನು ತೆಗೆದುಹಾಕಿತು. 2001ರಲ್ಲಿ ಸಂಸತ್ತು ಮತ್ತೆ ಕಡ್ಡಾಯ ಮಾಡಿದಾಗ ವೀಟೊ ಮಾಡಿದವರು ಅಧ್ಯಕ್ಷ ಕಾರ್ಡೋಸೊ, ಸ್ವತಃ ಸಮಾಜಶಾಸ್ತ್ರಜ್ಞ, ಅದೇ ಮರಿಯಾ ಆಂಟೋನಿಯಾ ರಸ್ತೆಯವರು. 2008ರಲ್ಲಿ ಕಡ್ಡಾಯವಾಯಿತು. 2017ರ ಸುಧಾರಣೆಯಲ್ಲಿ ಮತ್ತೆ ಸಡಿಲವಾಯಿತು. 2024ರ ಜುಲೈ ಕಾನೂನಿನಲ್ಲಿ ಮತ್ತೆ ಪಟ್ಟಿಗೆ ಸೇರಿತು. ಸರ್ಕಾರ ಬದಲಾದಂತೆ ಪ್ಲೇಟೊ ಒಳಗೆ ಹೊರಗೆ.

ಈಗಿನ ಜಗಳ ಮಾತ್ರ ಶಾಲೆಯಲ್ಲಿಲ್ಲ, ಆ್ಯಪ್ ಕಾರಿನಲ್ಲಿ, ಮೋಟರ್‌ಬೈಕಿನ ಮೇಲಿದೆ. ಬ್ರೆಜಿಲ್‌ನಲ್ಲಿ 2024ರಲ್ಲಿ ಸುಮಾರು 17 ಲಕ್ಷ ಜನ ಆ್ಯಪ್ ಮೂಲಕ ದುಡಿಯುತ್ತಿದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ಲೂಲಾ ಸರ್ಕಾರ ಕಾರು ಓಡಿಸುವ ಆ್ಯಪ್ ಚಾಲಕರಿಗಾಗಿ ಮಸೂದೆ ತಂದಿತು. ಪ್ರಯಾಣ ಒಪ್ಪಿಕೊಂಡಲ್ಲಿಂದ ಪ್ರಯಾಣಿಕರನ್ನು ಇಳಿಸುವವರೆಗಿನ ಪ್ರತಿ ಗಂಟೆಗೆ ಕನಿಷ್ಠ 32.10 ರಿಯಾಲ್, ಪಿಂಚಣಿ ವ್ಯವಸ್ಥೆಗೆ ಸೇರ್ಪಡೆ, ಯೂನಿಯನ್ ಮಾತುಕತೆ. ಹಕ್ಕುಗಳು ಅಂತಲೇ ಸರ್ಕಾರ ಅಂದುಕೊಂಡದ್ದು. ಚಾಲಕರೇ ಬೀದಿಗಿಳಿದು ಬೇಡ ಅಂದರು. ಗಂಟೆ ಲೆಕ್ಕ ಬೇಡ, ಕಿಲೋಮೀಟರ್ ಲೆಕ್ಕ ಕೊಡಿ, ಯೂನಿಯನ್ ಬೇಡ, ನಾವು ನಮಗೇ ಯಜಮಾನರು ಅಂದರು. ಮಸೂದೆ ಸಂಸತ್ತಿನಲ್ಲಿ ಸಿಕ್ಕಿಕೊಂಡಿತು. 2013ರ ಆ ಎಚ್ಚರಿಕೆ ಹನ್ನೊಂದು ವರ್ಷದ ನಂತರ ಲೂಲಾ ಸರ್ಕಾರದ ಮುಂದೆಯೇ ಹಾರ್ನ್ ಹೊಡೆಯಿತು. ಉದ್ಯಮಿತನದ ಮಂತ್ರ ಎಲ್ಲೋ ಹೊರಗಿನಿಂದ ಬಂದದ್ದೂ ಅಲ್ಲ. ಒಬ್ಬಂಟಿ ದುಡಿಮೆಗಾರನನ್ನು 'ವೈಯಕ್ತಿಕ ಕಿರು ಉದ್ಯಮಿ' ಅಂತ ನೋಂದಾಯಿಸುವ ಕಾನೂನು 2008ರದ್ದು, ಲೂಲಾ ಅವರದ್ದೇ ಸರ್ಕಾರದ್ದು. ಹೆಸರು ಬರೆಸಿಕೊಂಡವರು ಈಗ ಕೋಟಿ ದಾಟಿದ್ದಾರೆ. ಶಾವುಯಿ ಎಚ್ಚರಿಸುವ ಹೊತ್ತಿಗೆ ಅವರ ಪಕ್ಷ ಆ ಮಂತ್ರಕ್ಕೆ ಅರ್ಜಿ ನಮೂನೆ ಅಚ್ಚು ಹಾಕಿಸಿ ಆಗಿತ್ತು.

ಹಾಗಾದರೆ ಚಾಲಕರಿಗೆ ತಿಳಿವಳಿಕೆ ಇಲ್ಲ, ಐಡಿಯಾಲಜಿಗೆ ಬಲಿಯಾದರು ಅನ್ನೋಣವೇ? ಶಾವುಯಿ ಪುಟ್ಟ ಪುಸ್ತಕ ಹಿಡಿದರೆ ಹಾಗೆ ಅನ್ನುವ ಆಸೆ ಆಗುತ್ತದೆ. ಅವರ ಸ್ಪಿನೋಜಾ ಹಿಡಿದರೆ ಹಾಗೆ ಅನ್ನಲು ಬಾರದು. ಆ ಚಾಲಕ ಅದಕ್ಕೆ ಮುಂಚೆ ಸೂಪರ್‌ಮಾರ್ಕೆಟ್ಟಿನಲ್ಲಿ ವಾರಕ್ಕೆ ಆರು ದಿನ ನಿಂತು, ಕನಿಷ್ಠ ಕೂಲಿ ಪಡೆದು, ಮ್ಯಾನೇಜರ್ ಕೈಲಿ ಬೈಸಿಕೊಂಡವನಾಗಿರಬಹುದು. ಅವನಿಗೆ ಕಾರ್ಮಿಕ ಹಕ್ಕು ಅಂದರೆ ನೆನಪಾಗುವುದು ಆ ಮ್ಯಾನೇಜರ್. ಅವನು ಬೇಡ ಅನ್ನುತ್ತಿರುವುದು ಆ ಮ್ಯಾನೇಜರನ್ನು.

ಕುತೂಹಲದ ವಿಷಯ ಅಂದರೆ, ಹಕ್ಕಿನ ಭಾಷೆ ಮತ್ತೆ ಮೇಲೆದ್ದದ್ದು ಅದೇ ಆರು ದಿನದ ಜಾಗದಿಂದ. 2023ರಲ್ಲಿ ರಿಯೊದ ಔಷಧಿ ಅಂಗಡಿಯ ಕೌಂಟರಿನಲ್ಲಿ ದುಡಿಯುತ್ತಿದ್ದ ಒಬ್ಬ ಯುವಕ, ಆರು ದಿನ ಕೆಲಸ ಒಂದು ದಿನ ರಜೆ ಅನ್ನೋ ಪದ್ಧತಿ ಗುಲಾಮಗಿರಿಯೇ ಅಂತ ಟಿಕ್‌ಟಾಕ್‌ನಲ್ಲಿ ಸಿಟ್ಟು ಕಾರಿದ. ಅದು ಚಳವಳಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಅವನು ರಿಯೊ ನಗರಸಭೆಗೆ ಗೆದ್ದ. 2025ರ ಫೆಬ್ರವರಿಯಲ್ಲಿ ವಾರಕ್ಕೆ 36 ಗಂಟೆಯ ಮಿತಿ ಕೇಳುವ ಸಂವಿಧಾನ ತಿದ್ದುಪಡಿ ಸಂಸತ್ತಿಗೆ ಬಂತು. ಅದು ಯಾವುದೋ ಒಂದು ಕಸುಬಿನವರಿಗೆ ಅಲ್ಲ, ಎಲ್ಲ ದುಡಿಯುವವರಿಗೆ. ಬೋಲ್ಸೊನಾರೊಗೆ ಮತ ಹಾಕಿದ ಮನೆಯಲ್ಲೂ ಭಾನುವಾರ ಕೆಲಸಕ್ಕೆ ಹೋಗುವ ಮಗಳಿದ್ದಾಳೆ. ವರ್ಕರ್ಸ್ ಪಾರ್ಟಿಯ ಹಳಬರು ಈ ಚಳವಳಿಯ ಹಿಂದೆ ಬಂದು ಸೇರಿಕೊಂಡರು, ಶುರುಮಾಡಿದವರು ಅವರಲ್ಲ.